ಹನ್ನೊಂದು ಪ್ಲೇಟು

ಅಡ್ಯಾರಿನ ಹೆದ್ದಾರಿ ಬದಿ, ಶೀಟಿನ ಮಾಡಿನ ಕೆಳಗೆ
ಇದಿನಬ್ಬ ಟೇಪು ಹಿಡಿದು ಮೊಣಕಾಲೂರಿದ.
ಚಕ್ರದ ನಡುವಿನಿಂದ ಮಡ್‌ಗಾರ್ಡಿನ ಅಂಚಿಗೆ
ಎಡಕ್ಕೆ ಹತ್ತೊಂಬತ್ತೂವರೆ,
ಬಲಕ್ಕೆ ಹದಿನೆಂಟು.
"ಒಂದೂವರೆ ಇಂಚು ನೀನೇ ತಿಂದದ್ದು ಮಾರಾಯ"
ಎಂದ. ನಗಲಿಲ್ಲ.

ಇಪ್ಪತ್ತೇಳು ವರ್ಷ ಆ ಬದಿಗೆ ನಾನು ಕೂತೆ.
ಡೀಸೆಲ್ ಟ್ಯಾಂಕೂ ಆ ಬದಿಗೇ, ಅದನ್ನೂ ಹೇಳಬೇಕಿತ್ತು.
ಮಿಲಿಟರಿ ಹರಾಜಿನಲ್ಲಿ ಹಿಡಿದ ಗಾಡಿ,
ನಾಲ್ಕೂ ಚಕ್ರ ಎಳೆಯುತ್ತವೆ,
ಹಾರ್ನು ಮಾತ್ರ ಅದಕ್ಕೆ ಮನಸ್ಸು ಬಂದರೆ.
ಮುಡಿಪಿನ ಕೆಂಪುಕಲ್ಲಿನ ಕೋರೆಯಲ್ಲಿ
ಉಳಿದ ಲಾರಿಗಳು ಗುಂಡಿಯ ಬಾಯಲ್ಲೇ ನಿಂತು
ಡ್ರೈವರುಗಳು ಬೀಡಿ ಹಚ್ಚುವಾಗ
ಇದು ಒಂದನೇ ಗೇರಿನಲ್ಲಿ, ಕೆಸರೆದ್ದ ಎಮ್ಮೆಯ ಹಾಗೆ
ಮೇಲೆ ಬರುತ್ತಿತ್ತು.

ಈಗ ಖಾಲಿ ಇದ್ದರೂ ಹಂಪಿಗೊಂದು ಗುದ್ದು.
ಮೊದಲು ಸೊಂಟಕ್ಕೆ, ಆಮೇಲೆ ಹಲ್ಲಿಗೆ.
ರಾತ್ರಿ ಮಗ್ಗುಲು ಬದಲಿಸುವಾಗಲೂ
ಗೇರು ಬೀಳದ ಹಾಗೆ ನರಳುತ್ತೇನಂತೆ,
ಪ್ರೆಸಿಲ್ಲಾ ಹೇಳುತ್ತಾಳೆ.

ಜಾಕು ಏರಿತು. ಯು-ಬೋಲ್ಟಿನ ನಟ್ಟು ಜಪ್ಪಯ್ಯ ಎನ್ನಲಿಲ್ಲ.
ನೌಫಲ್ ಗ್ಯಾಸು ಹಚ್ಚಿ ಕತ್ತರಿಸಿದ.
ಕಟ್ಟು ನೆಲಕ್ಕೆ ಬಿತ್ತು,
ಕಬ್ಬಿಣದ ಸದ್ದಲ್ಲ, ಗೋಣಿಚೀಲದ್ದು.
ಹನ್ನೊಂದು ಪ್ಲೇಟು.
ಬಿಲ್ಲಿನಂತೆ ಬಾಗಿರಬೇಕಾದ್ದು
ಮಣೆಯ ಹಾಗೆ ಮಲಗಿತ್ತು.
ತುಕ್ಕು ಹನ್ನೊಂದನ್ನೂ ಒಂದೇ ಮಾಡಿತ್ತು,
ಕೂಡುಕುಟುಂಬ,
ಯಾರೂ ಯಾರ ಮೇಲೂ ಜಾರುವಂತಿಲ್ಲ.
ಉಳಿ ಕೊಟ್ಟು ಬಿಡಿಸಿದಾಗ ಮೂರನೆಯದರಲ್ಲಿ ಬಿರುಕು,
ನಡುವಿನ ತೂತಿನಿಂದ ಹೊರಟದ್ದು,
ಒಳಗೆಲ್ಲ ಹಳೆಯ ಕಪ್ಪು.
ಅಂದರೆ ಯಾವತ್ತೋ ಮುರಿದದ್ದು.
ಯಾವ ಲೋಡಿಗೆ? ಯಾವ ತಿರುವಿನಲ್ಲಿ?
ಉಳಿದ ಹತ್ತು ಹೇಳದೆ ಹೊತ್ತಿದ್ದವು.

"ಇನ್ನೆರಡು ಸೇರಿಸು, ಹದಿಮೂರು ಮಾಡು" ಎಂದೆ.
ಇದಿನಬ್ಬ ಮೂಲೆಯಿಂದ ಹೊಸ ಕಟ್ಟು ಎಳೆದ.
ಮೂರೇ ಮೂರು. ನಡುವೆ ದಪ್ಪ, ತುದಿಗೆ ಸಪೂರ,
ಒಂದಕ್ಕೊಂದು ತಾಗದಂತೆ
ಬೆರಳು ಹೋಗುವಷ್ಟು ಜಾಗ.
"ಇಷ್ಟು ಸಾಕಾ?"
"ಕಲ್ಲಿಗೆ ಸಾಕು. ನಿನ್ನ ಸಂಶಯಕ್ಕೆ ಸಾಕಾಗ್ಲಿಕ್ಕಿಲ್ಲ."

ಗಾಡಿ ಎತ್ತರವಾಯಿತು ಎಂದರೆ ಮುಗಿಯಲಿಲ್ಲ.
ಬ್ರೇಕಿನ ಹೋಸು ಗಿಡ್ಡವಾಯಿತು.
ಶ್ಯಾಕಲ್ ಉದ್ದದ್ದು ಬೇಕಾಯಿತು.
ಶಾಫ್ಟು ಓರೆಯಾಗಿ ಕೂತು ಮುನಿಸಿಕೊಂಡಿತು,
ಅದನ್ನು ಒಲಿಸಲು ಆಕ್ಸಲಿನ ಮೇಲೊಂದು ಬೆಣೆ.
ಸಾಯಂಕಾಲ ಮಲ್ಲೂರಿನ ಕಡೆ ಗುಡುಗಿತು, ಕರೆಂಟು ಹೋಯಿತು,
ಮೊಬೈಲಿನ ಬೆಳಕಿನಲ್ಲಿ ಇಬ್ಬರೂ ಬುಶ್ಶು ತೂರಿಸಿದರು.
ಬಗ್ಗಿದ್ದ ಬಿಲ್ಲು ಏರಿತು,
ಕೊಡಬೇಕಾದ ಬಿಲ್ಲು ಕೂಡ.

ನೌಫಲ್ ಕಣ್ಣಿನ ಬೋಲ್ಟಿಗೆ ಸ್ಪ್ಯಾನರ್ ಕೊಟ್ಟು ಎಳೆಯಹೊರಟ.
"ಈಗಲ್ಲ. ಗಾಡಿ ನೆಲಕ್ಕೆ ಕೂರಲಿ.
ನೇತಾಡುವಾಗ ಬಿಗಿದದ್ದು
ಆಯುಷ್ಯವಿಡೀ ತಿರುಚಿಕೊಂಡೇ ಇರ್ತದೆ."
ಜಾಕು ಇಳಿಯಿತು.
ಗಾಡಿ ಒಮ್ಮೆ ಕೆಳಗೆ ಹೋಗಿ, ಒಮ್ಮೆ ಮೇಲೆ ಬಂದು
ಉಸಿರು ಬಿಟ್ಟವರ ಹಾಗೆ ನಿಂತಿತು.
ಎಡ ಇಪ್ಪತ್ತೊಂದೂ ಮುಕ್ಕಾಲು. ಬಲ ಇಪ್ಪತ್ತೊಂದೂ ಮುಕ್ಕಾಲು.
ನಾನು ಹತ್ತಿ ಕೂತೆ.
ಬಲ ಒಂದು ನೂಲು ಇಳಿಯಿತು.
"ಐನೂರು ಕಿಲೋಮೀಟರ್ ಓಡಿಸಿ ಬಾ,
ಇನ್ನೊಮ್ಮೆ ಬಿಗಿಯಲಿಕ್ಕುಂಟು."

ಮುರಿದ ಮೂರನೆಯದನ್ನು ಗುಜರಿಗೆ ಹಾಕಲಿಲ್ಲ.
ಫರಂಗಿಪೇಟೆಯ ಐತಪ್ಪ ಆಚಾರಿ
ಬಿರುಕಿನಾಚೆಯ ತುಂಡನ್ನು ಕೆಂಡದಲ್ಲಿ ಮಲಗಿಸಿ
ಮೂರು ದಿನ ಬಡಿದು, ಮಣೆಗೆ ಕೂರಿಸಿ
ಮೆಟ್ಟುಕತ್ತಿ ಮಾಡಿಕೊಟ್ಟ.

ಆದಿತ್ಯವಾರ. ಇಗರ್ಜಿಯಿಂದ ಬಂದ ಪ್ರೆಸಿಲ್ಲಾ
ಸೀರೆ ಎತ್ತಿ ಕಟ್ಟಿ, ಮಣೆ ಮೆಟ್ಟಿ ಕೂತು
ಬಂಗುಡೆಯ ತಲೆ ಒಂದೇ ಎಳೆತಕ್ಕೆ ತೆಗೆದಳು.
ಎರಡನೆಯದಕ್ಕೆ ಕೈ ನಿಲ್ಲಿಸಿ
ಕತ್ತಿಯನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿ,
"ಇದು ಸ್ವಲ್ಪ ಬಲಕ್ಕೆ ವಾಲ್ತದಲ್ಲ?"