ಐದನೆಯ ಚೀಲ

ಪಾಲಾದಾಗ
ಮೆಶಿನ್ನು ಮರಿಯೆಲೋಸಳ ಕಡೆ ಹೋಯಿತು.
ಗುಂಡಿ ಒತ್ತಿದರೆ ಕೆಂಪು ದೀಪ,
ಬುಸ್ಸೆಂದು ಹಬೆ, ಆಮೇಲೆ ಕಾಫಿ.
ನನ್ನ ಕಡೆಗೆ ಬೆಕ್ಕು, ಎರಡು ಕುರ್ಚಿ,
ಹಿಡಿ ಸಡಿಲವಾದ ಒಂದು ಪಾತ್ರೆ.
ಬೆಳಗಿನ ಜಾವ ನಾಲ್ಕೂ ಹತ್ತಕ್ಕೆ
ಕಾರ್ತಾಗೊದಿಂದ ಒರೋಸಿಗೆ ಹೊರಡುವ ಮೊದಲ ಬಸ್ಸು ನನ್ನದು.
ಕಾಫಿಯಿಲ್ಲದೆ ಆ ಇಳಿಜಾರಿನ ತಿರುವುಗಳಿಗೆ
ನಾನು ಜವಾಬ್ದಾರನಲ್ಲ.

ಮೊದಲ ವಾರ ಪುಡಿಯನ್ನು ನೀರಿಗೇ ಸುರಿದು ಕುದಿಸಿದೆ.
ನಾಲಿಗೆಗೆ ಕಹಿ, ಹಲ್ಲಿಗೆ ಚರಟ.
ಮೂರನೇ ಸೀಟಿನಲ್ಲಿ ಕೂರುವ ನರ್ಸ್ ಸಾಯ್ರಾ
ಇಳಿಯುವಾಗ ಮೆಲ್ಲಗೆ ಹೇಳಿದಳು:
"ಮೀಸೆಯಲ್ಲಿ ಏನೋ ಇದೆ, ಓಲ್ಗೇರ್."

ಸಂಬಳದ ಮರುದಿನ ಅಂಗಡಿ ಅಂಗಡಿ ಸುತ್ತಿದೆ.
ಗಾಜಿನ ಜಾಡಿ, ಮೇಲಿಂದ ಒತ್ತುವ ಜರಡಿ:
ಚಂದವೇ. ಆದರೆ ನನ್ನ ಕೈಗೂ ಗಾಜಿಗೂ ಹಳೆ ಹಗೆ.
ಇಟಲಿಯವರ ಎಂಟು ಮೂಲೆಯ ಅಲ್ಯೂಮಿನಿಯಂ ಪುಟಾಣಿ:
ಇಟ್ಟರೆ ನನ್ನ ಒಲೆಯ ಬಾಯೊಳಗೆ ಬಿದ್ದೀತು.
ಕಾಗದದ ಸೋಸಣಿಗೆ ಅಗ್ಗ,
ಆದರೆ ಕಾಗದ ತೀರಿದಾಗಲೆಲ್ಲ ಮತ್ತೆ ಅಂಗಡಿ.
ಮದುವೆಯ ಹಾಗೆ, ಕೊಂಡ ಮೇಲೂ ಕೊಳ್ಳುತ್ತಲೇ ಇರಬೇಕು.
ಇಲ್ಲ, ಹಾಗನ್ನಬಾರದು.
ಮೆಶಿನ್ನುಗಳ ಸಾಲಿನ ಕಡೆ ಹೋಗಲಿಲ್ಲ.
ಹೋದೆ. ಬೆಲೆಚೀಟಿ ತಿರುಗಿಸಿ ನೋಡಿ
ಮತ್ತೆ ಮೊದಲಿನಂತೆ ಮಗುಚಿಟ್ಟೆ.

ಮಾರುಕಟ್ಟೆಯ ಹಿಂಬದಿ,
ಪೊರಕೆ, ಹಗ್ಗ, ಇಲಿಬೋನುಗಳ ನಡುವೆ ಎಲಿಯೆಟ್ ಅಮ್ಮ.
ತಂತಿಯ ಬಳೆಗೆ ಹೊಲಿದ ಬಿಳಿ ಬಟ್ಟೆಯ ಚೀಲಗಳು
ಜೋಡಿ ಕಳೆದುಕೊಂಡ ಕಾಲ್ಚೀಲಗಳ ಹಾಗೆ
ಮೊಳೆಗೆ ನೇತುಬಿದ್ದಿದ್ದವು.
"ಎಂಟುನೂರು ಕೊಲೊನ್."
"ಇಷ್ಟೇನಾ?"
"ಜಾಸ್ತಿ ಕೊಡುವುದಿದ್ದರೆ ಕೊಡು, ಬೇಡವೆನ್ನುವವಳಲ್ಲ."
ಆಮೇಲೆ ಬುದ್ಧಿ ಹೇಳಿದಳು, ಅದಕ್ಕೆ ಕಾಸಿಲ್ಲ:
ಮೊದಲು ಚೀಲವನ್ನೇ ಒಂದಿಷ್ಟು ಪುಡಿಯೊಡನೆ ಕುದಿಸು,
ಗಂಜಿಯ ವಾಸನೆ ಹೋಗಲಿ.
ಕೊತಕೊತ ನೀರು ಬೇಡ,
ಕುದಿದು ಒಮ್ಮೆ ಉಸಿರು ಬಿಟ್ಟ ನೀರು ಸಾಕು.
ಉಳಿದ ದುಡ್ಡು ಪುಡಿಗೆ ಹಾಕು, ಬಾಯಿಗೆ ಹೋಗುವುದು ಅದು.
ಸಾಬೂನು ಮುಟ್ಟಿಸಿದೆಯೋ, ಈ ಕಡೆ ತಲೆ ಹಾಕಬೇಡ.

ಡಿಪೋದಲ್ಲಿ ಬಿಸಾಕಿದ್ದ ಸೀಟಿನ ಹಲಗೆ ಕೊಯ್ದು
ಚೀಲಕ್ಕೊಂದು ನಿಲುವು ಮಾಡಿದೆ.
ಒಂದು ಕಾಲು ಗಿಡ್ಡ. ಟಿಕೆಟ್ಟು ಮಡಚಿ ಕೆಳಗಿಟ್ಟೆ.

ಸಾಬೂನು ಹಾಕಿದೆ. ಹಾಕದೆ ಇರುತ್ತೇನೆಯೇ?
ತೊಳೆಯದ ಬಟ್ಟೆ ಮನೆಯಲ್ಲಿರಬಾರದೆಂದು ಬೆಳೆದವನು.
ಮಾರನೆಯ ಬೆಳಗ್ಗೆ ಕಾಫಿಯಲ್ಲಿ ನಿಂಬೆ ಸೋಪು.
ಬಾಯಿ ತೆರೆದರೆ ಗುಳ್ಳೆ ಹಾರೀತೆಂದು
ಒರೋಸಿಯವರೆಗೂ ತುಟಿ ಬಿಚ್ಚಲಿಲ್ಲ.
ಎರಡನೆಯ ಚೀಲಕ್ಕೆ ಹೋದಾಗ
ಎಲಿಯೆಟ್ ನನ್ನ ಮುಖ ನೋಡಿದಳು,
ಏನೂ ಕೇಳದೆ ಸಾವಿರ ತೆಗೆದುಕೊಂಡಳು.

ಈಗ ಮೂರೂವರೆ.
ಇರಾಸು ಬೆಟ್ಟದಿಂದಿಳಿದ ಚಳಿ ಕಿಟಕಿಯ ಸಂದಿಯಲ್ಲಿ.
ಮೂರು ಚಮಚ ಪುಡಿ, ಮೊದಲು ಅದು ನೆನೆಯುವಷ್ಟೇ ನೀರು.
ಮಲಗಿದವರ ಎದೆಯ ಹಾಗೆ ಉಬ್ಬುತ್ತದೆ, ಇಳಿಯುತ್ತದೆ.
ಆಮೇಲೆ ಉಳಿದದ್ದು, ಸುತ್ತಿ, ಸುತ್ತಿ.
ತೊಟ್ಟು.
ತೊಟ್ಟು.
ಬೆಕ್ಕು ಕಿವಿ ನಿಮಿರಿಸುತ್ತದೆ.
ಇಂಥ ಸದ್ದನ್ನು ನಾವಿಬ್ಬರೂ ಕೇಳಿರಲೇ ಇಲ್ಲ.
ಮೆಶಿನ್ನು ಬುಸುಗುಡುವಾಗ
ಅದರ ಮೇಲೆ ಗಟ್ಟಿಯಾಗಿ ಮಾತಾಡಬೇಕಿತ್ತು,
ಗಟ್ಟಿಯಾಗಿ ಆಡಿದ್ದು
ಸಕ್ಕರೆ ಎಲ್ಲಿ ಎಂಬ ಪ್ರಶ್ನೆಯಾದರೂ
ಜಗಳದ ಹಾಗೆ ಕೇಳುತ್ತಿತ್ತು.

ಒಂದು ಚೀಲ ಮೂರು ತಿಂಗಳು ಬಾಳುತ್ತದೆ.
ಆಮೇಲೆ ಕಪ್ಪಾಗಿ, ನೀರು ಬಿಡಲು ಹಟ ಹಿಡಿಯುತ್ತದೆ.
ಅದನ್ನು ಒಗೆದು, ಈಗ ಸಾಬೂನು ಹಾಕಬಹುದು,
ಬಸ್ಸಿನ ಕನ್ನಡಿ ಒರೆಸುತ್ತೇನೆ.
ಕೆಡಿಸಿದ್ದೂ ಸೇರಿ ಇದು ಐದನೆಯದು.
ಅಷ್ಟು ಕಾಲವಾಯಿತು.

ನಿನ್ನೆ ನಿಲ್ದಾಣದಲ್ಲಿ ಮರಿಯೆಲೋಸ್ ಸಿಕ್ಕಳು.
ಮೆಶಿನ್ನು ಸೋರುತ್ತಿದೆಯಂತೆ,
ರಿಪೇರಿಯವನು ಹೊಸದರ ರೇಟು ಹೇಳಿದನಂತೆ.
"ನೀನೇನು ಮಾಡಿಕೊಂಡೆ?"
ಹೇಳಿದೆ. ಎಲಿಯೆಟ್, ಎಂಟುನೂರು, ಇಲಿಬೋನಿನ ಪಕ್ಕದ ಮೊಳೆ.
ಅವಳು ಕೈಚೀಲದಿಂದ ಪೆನ್ನು ತೆಗೆದು
ಅಂಗೈ ಮೇಲೆ ಬರೆದುಕೊಂಡಳು.
ಸಾಬೂನಿನ ವಿಷಯ ಹೇಳುವಷ್ಟರಲ್ಲಿ
ಬಸ್ಸಿನ ಹೊತ್ತಾಯಿತು.