ಬಾಲದ ಅಕ್ಷರ

ಮ್ಯಾನೇಜರು ವಾಟ್ಸ್ಯಾಪಿನಲ್ಲಿ ಕಳಿಸಿದ್ದು ಐದೇ ಸಾಲು.
ಮೇಲೆ, 'ನಮ್ಮ ಮಾಲ್ ನಡೆದು ಬಂದ ದಾರಿ.'
ಕೆಳಗೆ ಇಸವಿಗಳು. ಮೊದಲನೆಯದು ಭೂಮಿಪೂಜೆ.
ಹತ್ತನೇ ವರ್ಷವಂತೆ. ಎರಡನೇ ಮಹಡಿಯ ಗೋಡೆಗೆ
ಕೈಬರಹವೇ ಬೇಕಂತೆ, ಹಳೇ ಸ್ಟೈಲು,
ಫ್ಲೆಕ್ಸಿನಲ್ಲಿ ಆ ಗತ್ತು ಬರುವುದಿಲ್ಲವಂತೆ.

ಆ ಗತ್ತು ಯಾರಿಗೂ ಬೇಡವಾಗಿಯೇ ಅಲ್ಲವೇ
ನನ್ನ ಬ್ರಷ್ಷುಗಳು ಹದಿನಾರು ವರ್ಷ
ಸೀಮೆಎಣ್ಣೆ ಡಬ್ಬಿಯಲ್ಲಿ ಕೂದಲು ಬಿಗಿದು ಕೂತದ್ದು.

ಸುಣ್ಣದ ದಾರ ಮಿಡಿದು ಗೆರೆ ಹೊಡೆದೆ.
ಭೂಮಿಪೂಜೆಗೆ ಮೊದಲು ಇಲ್ಲಿ ಭೂಮಿ ಇರಲಿಲ್ಲವೇ?

ಇತ್ತು. ಸಾಗರ ರಸ್ತೆಯ ಈ ಮೂರೆಕರೆಯಲ್ಲಿ
ರವ್ಜಿ ಪಟೇಲರ ಸಾಮಿಲ್ಲು.
ಎಪ್ಪತ್ತೆಂಟರಲ್ಲಿ ನನ್ನ ಮೊದಲ ಬೋರ್ಡು, ಇಪ್ಪತ್ತಡಿ ತಗಡು:
'ಎಲ್ಲಾ ತರಹದ ಮರದ ಮಾಲು.'
ಕಚ್ಛಿನಿಂದ ಬಂದ ಪಟೇಲರಿಗೆ ಕನ್ನಡ ಓದಲು ಬಾರದು,
ಆದರೂ ರಸ್ತೆಯಾಚೆ ನಿಂತು, ಕಣ್ಣು ಕಿರಿದು ಮಾಡಿ,
'ದಸ್ತಗೀರ್, ಕೊನೇದಕ್ಕೆ ಬಾಲ ಸಾಲದು' ಅಂದರು.
ಎಳೆದೆ, ತಗಡಿನ ಅಂಚಿನವರೆಗೂ ಎಳೆದೆ.

ಬಣ್ಣ ಕಲಿತದ್ದು ಅಲ್ಲಿನ ಹೊಟ್ಟಿನ ಗುಡ್ಡೆಗಳಲ್ಲಿ.
ಹಲಸಿನದು ಅರಿಶಿನ, ಬೀಟೆಯದು ಕಾಫಿಪುಡಿ,
ಮತ್ತಿಯದಕ್ಕೆ ಇವತ್ತಿಗೂ ನನ್ನಲ್ಲಿ ಹೆಸರಿಲ್ಲ.

ಎರಡನೇ ಬೋರ್ಡೂ ನನ್ನದೇ.
ಪರವಾನಗಿ ಮುಗಿದು, ಪಟೇಲರೂ ಮುಗಿದು,
ಮಕ್ಕಳು ಮೂವರೂ ಮೂರು ವಕೀಲರನ್ನು ಹಿಡಿದ ಮೇಲೆ:
'ಈ ಆಸ್ತಿ ವ್ಯಾಜ್ಯದಲ್ಲಿದೆ. ಯಾರೂ ಕೊಳ್ಳತಕ್ಕದ್ದಲ್ಲ.'
ನಾನು ಬರೆದದ್ದರಲ್ಲಿ ಅದೇ ದೀರ್ಘಾಯುಷಿ, ಹನ್ನೊಂದು ವರ್ಷ.
ಲಂಟಾನ ಹತ್ತಿ ಮೊದಲ ಸಾಲನ್ನು ಮುಚ್ಚಿತು.
ಉಳಿದದ್ದನ್ನು ಯಾರೂ ನಂಬಲಿಲ್ಲ, ಕೊಂಡರು.

ಮೂರನೆಯದು ನನ್ನ ಕೈಗೆ ಬರಲಿಲ್ಲ.
ಆರು ಚೀಲ ಹಿಡಿದು ನಗುವ ಹುಡುಗಿ, ಶಿವಮೊಗ್ಗದವಳಲ್ಲ,
'ಶೀಘ್ರದಲ್ಲೇ ಬರಲಿದೆ' ಎಂದು ನಾಲ್ಕು ಮಳೆಗಾಲ ಹೇಳಿದಳು.
ಅಡಿಪಾಯ ತೋಡಿದಾಗ ಹೊಟ್ಟು ಸಿಕ್ಕಿತು, ಎರಡಾಳು ಆಳ,
ಕಪ್ಪಗೆ, ಒದ್ದೆ, ಕೈಯಿಟ್ಟರೆ ಒಳಗೆ ಬೆಚ್ಚಗೆ.
ಇಂಜಿನಿಯರು ಬೈದುಕೊಂಡೇ ನಲವತ್ತು ಲಾರಿ ತುಂಬಿಸಿದ.
ಆದರೂ ಜುಲೈನಲ್ಲಿ ಪಾರ್ಕಿಂಗಿಗೆ ಇಳಿದು ನೋಡಿ,
ಹಗಲೂ ರಾತ್ರಿ ಪಂಪು ಓಡುತ್ತದೆ.

ಉದ್ಘಾಟನೆಗೆ ಸೊರಬದಿಂದಲೂ ಜನ ಬಂದಿದ್ದರು,
ಮದುವೆಗೆ ಬಂದವರ ಹಾಗೆ, ಗಳಿಗೆ ಸೀರೆಯಲ್ಲಿ.
ಆಮೇಲೆ ಕೆಳಗಿನ ದೊಡ್ಡ ದಿನಸಿ ಅಂಗಡಿ
ಕೊರೋನಾದಲ್ಲಿ ಹಾಕಿದ ಶಟರನ್ನು ಎತ್ತಲೇ ಇಲ್ಲ.
ಚಪ್ಪಲಿಯವರು ಹೋಗಿ ನೀಟ್ ಕೋಚಿಂಗ್ ಬಂತು,
ಆಟಿಕೆಯವರು ಹೋಗಿ ಹಲ್ಲಿನ ಡಾಕ್ಟರು.
ಮೂರನೇ ಮಹಡಿಯಲ್ಲಿ ಪಾರಿವಾಳ.
ಐದು ಸಾಲಿನಲ್ಲಿ ಇದೆಲ್ಲ ಹಿಡಿಸುವುದಿಲ್ಲ, ಒಪ್ಪುತ್ತೇನೆ.

'ಮಾಲ್' ಬರೆದು ಏಣಿ ಇಳಿದೆ.
ಕೆಳಗೆ ಗುತ್ಯಮ್ಮ, ಮಾಪು ಹಿಡಿದು, ನೀಲಿ ಯೂನಿಫಾರಂ.
ಆಗ ಇಲ್ಲೇ ಹೊಟ್ಟಿನ ಮೂಟೆ ಹೊತ್ತವಳು.
ಈಗಲೂ ಯಾರಾದರೂ ಕೋಲಾ ಚೆಲ್ಲಿದರೆ ಗೊಣಗುತ್ತಾಳೆ:
'ಒಂದು ಬೊಗಸೆ ಹೊಟ್ಟಿದ್ದಿದ್ರೆ ಒಂದೇ ಏಟಿಗೆ ಹೀರ್ತಿತ್ತು.'
ಅಕ್ಷರ ಬಾರದು ಅವಳಿಗೆ. ಶನಿವಾರದ ಬಟವಾಡೆಗೆ
ಹೆಣ್ಣಾಳುಗಳು ಸಾಲಾಗಿ ನಿಲ್ಲುತ್ತಿದ್ದದ್ದು
ಬೋರ್ಡಿನ ಆ ಉದ್ದ ಬಾಲದ ಕೆಳಗೆ,
ಅಷ್ಟು ಗೊತ್ತು.

ಗೋಡೆಯನ್ನು ತುಂಬ ಹೊತ್ತು ನೋಡಿದಳು.
'ಸಾಬ್ರೇ, ಇದು ನಮ್ದೇ ಅಕ್ಷರ ಅಲ್ವಾ?
ಬಾಲ ಎಲ್ಲಿ ಹೋಯ್ತು?'

ಅದು ಬೇರೆ ಮಾತು ಕಣಮ್ಮ, ಎನ್ನಲು ಬಾಯಿ ತೆರೆದೆ.
ಮ್ಯಾನೇಜರು ಊಟಕ್ಕೆ ಹೋಗಿದ್ದರು.
ಬ್ರಷ್ಷಿನಲ್ಲಿ ಬಣ್ಣ ಇನ್ನೂ ಹಸಿಯಿತ್ತು.