ತೂತಿಲ್ಲದ ಗುಂಡಿ

ಪುಣೆಯ ರವಿವಾರ ಪೇಠೆ, ಬೋಹರಿ ಆಳಿ.
ಮೂರು ತಲೆಮಾರಿನಿಂದ ಗುಂಡಿ ಮಾರುವ ಅಂಗಡಿ.
ಕಪ್ಪೆಚಿಪ್ಪಿನವು, ಮರದವು, ತೆಂಗಿನ ಕರಟದವು,
ಶೇರವಾನಿಗೆಂದೇ ಹಿತ್ತಾಳೆಯವು.
ಗೋಡೆ ತುಂಬ ರಟ್ಟಿನ ಡಬ್ಬಿ,
ಪ್ರತಿ ಡಬ್ಬಿಯ ಮೈಮೇಲೆ ಹೊಲಿದ ಒಂದು ಮಾದರಿ.

ನಾನಿಲ್ಲಿ ಲೆಕ್ಕ ಬರೆಯುವವಳು.
ಶೇಠರ ಗುಜರಾತಿ, ಗಿರಾಕಿಯ ಮರಾಠಿ
ಕಿವಿಗೆ ಬೀಳುವಷ್ಟರಲ್ಲಿ ಇಂಡಿ ತಾಲೂಕಿನ ಕನ್ನಡವಾಗಿರುತ್ತವೆ.

ಮುಫದ್ದಲಭಾಯಿ ಅಂದರು:
"ನಮಗೂ ಒಂದು ವೆಬ್‌ಸೈಟ್ ಬೇಕವ್ವಾ.
ಅದರಾಗ ‘ಖರೀದಿ’ ಅಂತ ಒಂದು ಗುಂಡಿ.
ಹೊಳೀಬೇಕು ನೋಡು,
ಈಗಷ್ಟ ಬಾಯಾಗಿಂದ ತಗದ ಪೆಪ್ಪರಮಿಂಟ ಇದ್ಹಂಗ."

ಕಾಸು ಕೇಳದ ಸಾಫ್ಟ್‌ವೇರ್ ಇಳಿಸಿಕೊಂಡೆ.
ತೆರೆಯುವಾಗ ಬಾಯಲ್ಲಿ ಕುಂಚ ಕಚ್ಚಿಕೊಂಡ
ನಾಯಿಯೋ ನರಿಯೋ ಒಂದು ಪ್ರಾಣಿ
ನನ್ನನ್ನೇ ನೋಡಿತು:
ಬರ್ತದೇನು ನಿನಗ?

ಮೊದಲ ಪದರ, ಮೂಲೆ ಸವೆದ ಆಯತ.
ಒಳಗೆ ಬಣ್ಣ, ಮೇಲೆ ಗಾಢ, ಕೆಳಗಿಳಿದಂತೆ ತಿಳಿ,
ಅವ್ವನ ಇಳಕಲ್ ಸೀರೆ ಹತ್ತು ವರ್ಷದಲ್ಲಿ ಇಳಿದದ್ದನ್ನು
ಇಲ್ಲಿ ಒಂದೇ ಗೆರೆ ಎಳೆದು ಇಳಿಸಬಹುದು.
ಅದರ ಮೇಲೆ ಬಿಳಿಯ ಮೊಟ್ಟೆ,
ಅರ್ಧ ಅಳಿಸಿ, ಉಳಿದರ್ಧ ತೆಳ್ಳಗೆ ಮಾಡಿ,
ನೂರರಿಂದ ನಲವತ್ತಕ್ಕೆ, ನಲವತ್ತರಿಂದ ಇಪ್ಪತ್ತೆಂಟಕ್ಕೆ,
ಹಾಲಿಗೆ ನೀರು ಬೆರೆಸುವವನ ಎಚ್ಚರದಲ್ಲಿ.
ಆಮೇಲೆ ನೆರಳು.
ಮಸುಕು ಹೆಚ್ಚಾದರೆ ಗುಂಡಿ ತೇಲಿಹೋಗುತ್ತದೆ,
ಕಡಿಮೆಯಾದರೆ ಕೆಳಗೆ ಕೊಳೆ ಕಟ್ಟಿದಂತೆ.

ಸಂಜೆ ಏಳಕ್ಕೆ ಅದು ಹೊಳೆಯಿತು.
ಟ್ಯೂಬ್‌ಲೈಟೇ ಅದರ ಮೇಲೆ ಬಿದ್ದಿದೆಯೇನೋ ಅಂತ
ಮಾಡಿದವಳೇ ಹಿಂತಿರುಗಿ ನೋಡಿದೆ.

ಭಾಯಿ ಕನ್ನಡಕ ಹಣೆಗೇರಿಸಿ ಬಗ್ಗಿದರು.
"ಛಲೋ ಆಗೇದ. ತೂತ ಎಲ್ಲಿ?"
"ಇದಕ್ಕ ತೂತ ಇರಂಗಿಲ್ರಿ, ಇದು ಒತ್ತೂ ಗುಂಡಿ."
"ತೂತ ಇಲ್ಲದ್ದನ್ನ ಹೊಲಿಯೂದು ಹೆಂಗ?
ಹೊಲೀದದ್ದು ಎಷ್ಟ ದಿನ ನಿಂದರತದ?"
ನಕ್ಕರು. ನಾನೂ ನಕ್ಕೆ.
ನಗು ಮುಗಿದ ಮೇಲೂ ಅವರು ನೋಡುತ್ತಲೇ ಇದ್ದರು.

ನನ್ನ ಮಾತಿನಲ್ಲಿ ಗುಂಡಿ ಅಂಗಿಯದೂ ಹೌದು, ರಸ್ತೆಯದೂ ಹೌದು.
ಒಂದು ತಾನೇ ಬಿದ್ದುಹೋಗುತ್ತದೆ,
ಇನ್ನೊಂದರಲ್ಲಿ ನಾವು ಬೀಳುತ್ತೇವೆ.
ಒಂದಕ್ಷರ ಸೇರಿಸಿದರೆ ಎದೆಯೊಳಗೆ ಬಡಿಯುವುದೂ ಅದೇ.
ಇದನ್ನು ಶೇಠರಿಗೆ ಹೇಳಲು ಹೊರಟು ಬಿಟ್ಟೆ,
ಗುಜರಾತಿಯಲ್ಲಿ ಕೂಡಿಬರುವುದಿಲ್ಲ.

ಷಟರ್ ಅರ್ಧ ಎಳೆದ ಮೇಲೆ
ಕರಟದ ಗುಂಡಿಯೊಂದನ್ನು ಪರದೆಗೆ ಹಿಡಿದು, ಅಳತೆ ನೋಡಿ,
ಹೊಳಪಿನ ಕೆಳಗೆ ಹೊಸದೊಂದು ಪದರದಲ್ಲಿ
ನಾಲ್ಕು ಚುಕ್ಕಿ ಇಟ್ಟೆ.
ನೂರರಲ್ಲಿ ಆರು ಪಾಲು ಕಪ್ಪು. ಯಾರಿಗೂ ಕಾಣುವುದಿಲ್ಲ.

ಬೆಳಗ್ಗೆ ಭಾಯಿ ಕಂಡರು.
ಏನೂ ಅನ್ನಲಿಲ್ಲ. ಮೌಸ್ ಹಿಡಿದು ಒತ್ತಿದರು,
ಮತ್ತೊಮ್ಮೆ ಒತ್ತಿದರು. ಏನೂ ಆಗಲಿಲ್ಲ.
"ಕೊಂಡಿ ಇನ್ನೂ ಹಾಕಿಲ್ರಿ," ಅಂದೆ.
"ಹಂಗಂದ್ರ ಕಾಜಾ ಆಗಿಲ್ಲ ಅನ್ನು," ಅಂದವರೇ ಎದ್ದರು.

ಕಟ್ಟೆಯ ಆಚೆ ಗಿರಾಕಿಯೊಬ್ಬ
ಕೋಟಿನ ತೋಳು ಚಾಚಿ ನಿಂತಿದ್ದ,
ಇಂಥದೇ ಬೇಕು, ಡಜನ್ ಅಲ್ಲ, ಒಂದೇ ಒಂದು.